ಕಾಯುವ ಹರಿಗೋಲು

ಜೂನ್ 9, 2026
(ಊರಿನ ಹೆಸರು ಬರೆಯುವಂತಿಲ್ಲ)

ಪ್ರಿಯ ಮೌನೇಶ್ವರಿ,

ನಿನ್ನೆ ಬೆಳಿಗ್ಗೆ ಬಾಗಿಲು ಮುಚ್ಚಿದರು. ಒಳಗೆ ನಾವು ನಾಲ್ವರಿದ್ದೇವೆ: ವಾಯುಪಡೆಯ ಇಬ್ಬರು ಚಾಲಕರು, ಸುಮಂತ ಎಂಬ ಎಂಜಿನಿಯರ್, ವೈದ್ಯೆಯಾಗಿ ನಾನು. ಬಾಗಿಲು ತೆರೆಯುವುದು ಅಕ್ಟೋಬರ್ ಮೊದಲ ವಾರ. ಚಂದ್ರನನ್ನು ಸುತ್ತಿ ಬರುವ ನೌಕೆಗೆ ನಮ್ಮಲ್ಲಿ ಇಬ್ಬರನ್ನು ಆರಿಸುತ್ತಾರೆ. ಇದು ಕೊನೆಯ ಪರೀಕ್ಷೆ. ಇಷ್ಟು ದಿನ ನಿನಗೂ ಹೇಳಿರಲಿಲ್ಲ. ಈಗ ಹೇಳಬಹುದು ಎಂದಿದ್ದಾರೆ.

ಫೋನ್ ಇಲ್ಲ, ಪತ್ರ ಮಾತ್ರ. ಹೋಗುವ, ಬರುವ ಪತ್ರಗಳನ್ನು ಬೇಕೆಂದೇ ಕೆಲವು ದಿನ ತಡೆದಿಡುತ್ತಾರೆ. ದೂರ ಅಭ್ಯಾಸವಾಗಲಿ ಎಂದು. ಇಬ್ಬರಿಗೆ ಬರೆಯಲು ಅನುಮತಿ ಇದೆ. ಒಂದು ಹೆಸರು ಅಪ್ಪನದು ಕೊಟ್ಟೆ, ಇನ್ನೊಂದು ನಿನ್ನದು. ಪತ್ರಗಳನ್ನು ಯಾರೂ ಓದುವುದಿಲ್ಲವಂತೆ. ಓದುತ್ತಾರೆ ಎಂದುಕೊಂಡೇ ಬರೆ.

ಬೀಗ ಬಿದ್ದ ಸದ್ದಿಗೆ ರಾಯಚೂರಿನ ಹಾಸ್ಟೆಲ್ ನೆನಪಾಯಿತು. ಸಂಜೆ ಏಳಕ್ಕೆ ಗೇಟಿಗೆ ಬೀಗ ಹಾಕಿ ವಾರ್ಡನ್ ಬಾಯಿ, "ನಿಮ್ಮ ಸಲುವಾಗೇ ಮಾಡಾಕತ್ತೀನವ್ವಾ" ಎನ್ನುತ್ತಿದ್ದಳು. ನೀನು ಸರಳಿನ ಹಿಂದೆ ನಿಂತು, "ನಮ್ಮ ಸಲುವಾಗಿ ಅಂದ್ರ ಕೀಲಿಕೈ ನಮ್ಮ ಕಡೀಗಿರಬೇಕಲ್ರೀ?" ಎಂದಿದ್ದೆ. ನೀನು ಕಾನೂನು ಓದುತ್ತೀಯ ಎಂದು ನನಗೆ ಅವತ್ತೇ ಗೊತ್ತಾಗಿತ್ತು.

ಊಟದ ಪಟ್ಟಿಯಿಂದ ಕಡಕ್ ರೊಟ್ಟಿಯನ್ನು ತೆಗೆದಿದ್ದರು. ತೂಕವಿಲ್ಲದ ಕಡೆ ಪುಡಿ ಹಾರುತ್ತದಂತೆ. ಸದ್ಯ ಭೂಮಿಯ ಮೇಲೇ ಇದ್ದೇವಲ್ಲ ಎಂದು ವಾದಿಸಿ ಒಂದು ಪೊಟ್ಟಣ ಒಳಗೆ ತಂದಿದ್ದೇನೆ. ಮೊದಲ ಜಗಳ ಗೆದ್ದಂತಾಯಿತು.

ಒಂದು ಕೆಲಸ ಮಾಡು. ಮಾನವಿಗೆ ಹೋಗಿ ನಮ್ಮ ಅಜ್ಜಿ ಭಾಗೀರಥಿಬಾಯಿಯವರನ್ನು ನೋಡಿ ಬಾ. ಅಜ್ಜಿಗೆ 'ಆರೋಗ್ಯದ ಸಂಶೋಧನೆ' ಎಂದಷ್ಟೇ ಹೇಳಿದ್ದೇವೆ. ಅಪ್ಪ ಸುಳ್ಳನ್ನು ಚೆನ್ನಾಗಿ ಹೇಳುವವರಲ್ಲ.

ವೇದಶ್ರೀ


ರಾಯಚೂರು
ಜೂನ್ 24, 2026

ಪ್ರಿಯ ವೇದಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಸಂತೋಷವಾಯಿತು ಎಂದು ಬರೆಯಬೇಕು. ಆಯಿತು ಕೂಡ.

ಭಾನುವಾರ ಮಾನವಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತಿದ್ದವಳನ್ನು ಅಜ್ಜಿ, "ಒಳಗ ಬಾರವಾ, ಅಲ್ಲ್ಯಾಕ ಕೂತಿ" ಎಂದು ಕರೆದರು. ಈ ಸಲ ಅಡುಗೆಮನೆಯ ಬಾಗಿಲವರೆಗೆ ಬಂದಿದ್ದೇನೆ. ಕಾಲೇಜಿನ ದಿನಗಳಿಂದ ಲೆಕ್ಕ ಹಾಕಿದರೆ ಪ್ರಗತಿ ನಿಧಾನ. ಆದರೆ ಹಿಂದೆ ಸರಿದಿಲ್ಲ.

ನಿನ್ನ ಸುಳ್ಳು ನಿಂತಿಲ್ಲ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಆರೋಗ್ಯ ಇದ್ದಾಕಿನ್ನ ಕೂಡಿ ಹಾಕಿ ಅದೆಂಥಾ ಆರೋಗ್ಯದ ಸಂಶೋಧನೆ? ಚಂದ್ರನ ಕಡೆ ಹೊಂಟಾಳಂತ ಓಣಿ ಮಂದಿ ಎಲ್ಲಾ ಅಂತಾರ. ಆಕಿ ಅಪ್ಪ ಜಯಸಿಂಹ ಮಾತ್ರ ಟೀವಿ ಬಂದ್ ಮಾಡ್ತಾನ."

ನಾನು ಏನೋ ಹೇಳಲು ಹೋದೆ. ಅವರು ಕೈ ಎತ್ತಿ ತಡೆದರು.

"ಹೋಗಲಿ, ನಾ ಬ್ಯಾಡ ಅನ್ನಂಗಿಲ್ಲ. ಒಂದ ಹೇಳು. ಚಂದ್ರನ್ನ ನೋಡಿ ನಾವು ತಿಥಿ ಹಿಡೀತೀವಿ. ಅಲ್ಲೇ ಹೋದಾಕಿ ಏನು ನೋಡಿ ಹಿಡೀಬೇಕು? ಏಕಾದಶಿ ಹ್ಯಾಂಗ ಗೊತ್ತಾಗ್ತದ ಆಕಿಗೆ?"

"ಕೇಳಿ ಬರೀತೀನಿ ಅಜ್ಜಿ" ಎಂದೆ.

"ಇನ್ನೊಂದೂ ಕೇಳು. ಹೆಣ್ಣುಮಗಳನ್ನ ದೂರ ಕಳಿಸಿದಮ್ಯಾಲೆ ಕರಕೊಂಡು ಬರಲಿಕ್ಕೆ ತವರಿನವರು ಹೋಗಬೇಕಾಗ್ತದ. ಇಲ್ಲಿ ಯಾರು ಹೋಗ್ತಾರ?"

ಚಹಾ ಕುಡಿದು ಬಸ್ಸು ಹಿಡಿದೆ.

ನನ್ನ ಕಡೆ ವಿಶೇಷವಿಲ್ಲ. ತರಗತಿಗಳು ನಡೆಯುತ್ತಿವೆ. ಸರ್ಕಾರದ ಒಂದು ಸಮಿತಿಗೆ ಹೊರಗಿನ ಸದಸ್ಯೆಯಾಗಿ ಹಾಕಿದ್ದಾರೆ. ತಿಂಗಳಿಗೊಮ್ಮೆ ಪರದೆಯ ಮುಂದೆ ಕೂತು ದೆಹಲಿಯವರ ಮಾತು ಕೇಳುತ್ತೇನೆ. ಒಣ ವಿಷಯ. ಬರೆದರೆ ನಿನಗೆ ನಿದ್ದೆ ಬರುತ್ತದೆ.

ಮೌನಾ


ಜುಲೈ 8, 2026

ಪ್ರಿಯ ಮೌನಾ,

ಅಜ್ಜಿಯ ಎರಡನೇ ಪ್ರಶ್ನೆಗೆ ನೀನು ನಕ್ಕುಬಿಡಬೇಕಿತ್ತು. ಸುಮ್ಮನಾದರೆ ಅವರು ಅದನ್ನೇ ಹಿಡಿದು ಕೂರುತ್ತಾರೆ. ನೀನು ಯಾವಾಗಲೂ ಹೀಗೆ, ದೊಡ್ಡವರ ಮುಂದೆ ಸಂಕೋಚ.

ಇಲ್ಲಿ ಎಲ್ಲ ಚೆನ್ನಾಗಿದೆ. ಕಿಟಕಿಯ ಜಾಗದಲ್ಲಿ ಒಂದು ಪರದೆ. ಅದರಲ್ಲಿ ಭೂಮಿ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿದೆ. ಬರೀ ಚಿತ್ರ ಎಂದು ನಾಲ್ವರಿಗೂ ಗೊತ್ತು, ಆದರೂ ಅದರ ಮುಂದೆ ಮಾತು ತಗ್ಗಿಸುತ್ತೇವೆ. ಹೊರಗಿನವರ ಜೊತೆ ಮಾತಾಡುವಾಗ ದನಿ ತಡವಾಗಿ ಬರುವಂತೆ ಮಾಡಿದ್ದಾರೆ. ನಮ್ಮ ಪ್ರಶ್ನೆ ಹೋಗಿ ಅವರ ಉತ್ತರ ಬರುವಷ್ಟರಲ್ಲಿ ಸುಮಂತ ಇನ್ನೊಂದು ಪ್ರಶ್ನೆ ಕೇಳಿರುತ್ತಾನೆ. ಮದುವೆ ಮಾತುಕತೆಯಂತೆ ಎಲ್ಲರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುತ್ತೇವೆ.

ನನ್ನ ಅಂಕಗಳು ಚೆನ್ನಾಗಿವೆ. ಇದನ್ನು ಯಾರೂ ಹೇಳಿಲ್ಲ, ಆದರೆ ಹಿರಿಯ ಚಾಲಕ ಇತ್ತೀಚೆಗೆ ನನ್ನನ್ನು ತಮಾಷೆ ಮಾಡುವುದನ್ನು ಬಿಟ್ಟಿದ್ದಾನೆ.

ನಾನು ಹೋಗುತ್ತೇನೆ ಮೌನಾ. ಹೋಗಬಹುದು ಎಂದು ಬರೆಯಲು ಕೂತಿದ್ದೆ.

ವೇದಾ


ಜುಲೈ 24, 2026

ಮೌನಾ,

ನಿನ್ನ ಉತ್ತರ ಬಂದಿಲ್ಲ, ಕಾಯುವಷ್ಟು ಸಮಾಧಾನವಿಲ್ಲ.

ವಾರಕ್ಕೊಮ್ಮೆ ಒಳಗೆ ಸುದ್ದಿಯ ಹಾಳೆ ಬರುತ್ತದೆ. 'ಸಮೀಪ ಕಕ್ಷೆಯಾಚೆಗಿನ ಮಾನವಯಾನ' ಎಂಬ ಕರಡು ನೀತಿಯನ್ನು ಸರ್ಕಾರ ಜನರ ಮುಂದೆ ಇಟ್ಟಿದೆ. ಅದರ ಒಂದು ಕಲಂ ಹೀಗಿದೆ: "ಎರಡನೇ ನೌಕೆಯೊಂದು ಚಾಲಕರ ಸಮೇತ ಉಡಾವಣೆಗೆ ಸಿದ್ಧವಾಗಿ ನಿಂತಿದೆ ಎಂದು ಸಕ್ಷಮ ಪ್ರಾಧಿಕಾರಕ್ಕೆ ಮನದಟ್ಟಾಗದ ಹೊರತು, ಭೂಮಿಯ ಸಮೀಪ ಕಕ್ಷೆಯನ್ನು ದಾಟಿ ಯಾವ ಮಾನವಯಾನವನ್ನೂ ಕಳುಹಿಸತಕ್ಕದ್ದಲ್ಲ."

ಒಂದು ನೌಕೆಗೇ ಕೈ ಬಿಗಿಹಿಡಿದು ಹಣ ಕೊಡುತ್ತಿದ್ದಾರೆ. ಎರಡನೆಯದಕ್ಕೆ ಆರೇಳು ವರ್ಷ ಬೇಕು ಎಂದು ಸುಮಂತ ಹೇಳುತ್ತಾನೆ. ನನಗೀಗ ಮೂವತ್ತೊಂಬತ್ತು. ನಲವತ್ತೈದು ದಾಟಿದವರನ್ನು ಕರೆದೊಯ್ಯುವುದಿಲ್ಲ. ಈ ಕಲಂ ಉಳಿದರೆ ನಾನು ನೆಲದ ಮೇಲೆ ಉಳಿಯುತ್ತೇನೆ. ಲೆಕ್ಕ ಅಷ್ಟು ಸರಳ.

ಸೇರಿಸಿದವನು ಯಾರೋ ಹೊರಗಿನ ಕಾನೂನು ಸದಸ್ಯನಂತೆ. ಅವನ ಕೈಗೆ ಯಾವತ್ತೂ ಇಂಧನದ ವಾಸನೆ ಹತ್ತಿರಲಿಕ್ಕಿಲ್ಲ. ತಾನು ಎಂದೂ ಹತ್ತದ ಹಡಗಿಗೆ ನಿಯಮ ಬರೆಯುವುದು ಎಷ್ಟು ಸುಲಭ ನೋಡು. ನಮ್ಮ ನಾಲ್ವರನ್ನು ಒಂದು ಮಾತು ಕೇಳಿದನೇ?

ಆಗಸ್ಟ್ 15ರೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನಮಗೂ ಆ ಹಕ್ಕಿದೆಯೇ ಎಂದು ಕೇಳಿದೆ, ಇದೆ ಎಂದರು. ನೀನು ಕಾನೂನಿನವಳು. ಆಕ್ಷೇಪಣೆಯನ್ನು ಬರೆದುಕೊಡು. ಅವನಿಗೆ ನಾಟುವಂತೆ ಬರೆ.

ವೇದಾ


ರಾಯಚೂರು
ಜುಲೈ 30, 2026

ವೇದಾ,

ಆ ಕಾನೂನು ಸದಸ್ಯೆ ನಾನು. ವಾಸನೆಯ ಮಾತು ನಿಜ.

ಕಲಮನ್ನು ನಾನು ಬರೆದದ್ದು ಏಪ್ರಿಲ್‌ನಲ್ಲಿ. ನೀನು ಆ ನಾಲ್ವರಲ್ಲಿ ಒಬ್ಬಳು ಎಂದು ತಿಳಿದದ್ದು ಜೂನ್‌ನಲ್ಲಿ, ನಿನ್ನ ಪತ್ರದಿಂದ. ಅವತ್ತೇ ಸಮಿತಿಯ ಅಧ್ಯಕ್ಷರಿಗೆ, ಅಭ್ಯರ್ಥಿಯೊಬ್ಬಳು ನನ್ನ ಗೆಳತಿ ಎಂದು ಬರೆದು ತಿಳಿಸಿದೆ, ಮುಂದುವರಿಯಿರಿ ಎಂದರು. ನಿನಗೆ ತಿಳಿಸಲಿಲ್ಲ. ತಿಳಿಸಿದ್ದರೆ ನೀನು ಅದನ್ನು ತೆಗೆ ಎನ್ನುತ್ತಿದ್ದೆ, ಇಲ್ಲವೆ ಎನ್ನದೆ ಸುಮ್ಮನಿರುತ್ತಿದ್ದೆ. ಎರಡನ್ನೂ ನಾನು ತಾಳುತ್ತಿರಲಿಲ್ಲ.

ಯಾಕೆ ಬರೆದೆ ಎಂದು ಹೇಳುತ್ತೇನೆ. ಇದನ್ನು ಸಮಿತಿಯಲ್ಲಿ ಹೇಳಿಲ್ಲ.

ಅವ್ವನ ತವರು ದೇವದುರ್ಗದಾಚೆ, ಕೃಷ್ಣೆಯ ದಂಡೆಯ ಮೇಲೆ. ಹೊಳೆಯ ನಡುಗಡ್ಡೆಯಲ್ಲಿ ಗೌಡರ ಹೊಲವಿತ್ತು. ಹೆಸರುಕಾಯಿ ಬಿಡಿಸಲು ಹೆಂಗಸರು ಹರಿಗೋಲಿನಲ್ಲಿ ಹೋಗುತ್ತಿದ್ದರು. ಆಗ ಇದ್ದದ್ದು ಒಂದೇ ಹರಿಗೋಲು. ಒಂದು ಶ್ರಾವಣದಲ್ಲಿ ಕೊನೆಯ ಸರದಿಗೆ ಅಂಬಿಗನ ಜೊತೆ ಅವ್ವನ ತಂಗಿ ಒಬ್ಬಳೇ ಹತ್ತಿದ್ದಳು. ಹರಿಗೋಲು ಮಗುಚಿತು. ಅಂಬಿಗ ತೇಲಿಕೊಂಡು ಹೋಗಿ ಮುಂದೆಲ್ಲೋ ದಂಡೆ ಹಿಡಿದ. ಅವಳು ಒಂದು ಬಂಡೆ ಹಿಡಿದಳು. ಕೂಗಿದರೆ ಕೇಳಿಸುವಷ್ಟು ಹತ್ತಿರ. ಊರು ಊರೇ ದಂಡೆಗೆ ಬಂತು. ಹಗ್ಗ ಎಸೆದರು, ಮುಟ್ಟಲಿಲ್ಲ. ಇನ್ನೊಂದು ಹರಿಗೋಲು ಇರಲಿಲ್ಲ. ಮಧ್ಯಾಹ್ನವೆಲ್ಲ ಅವಳ ಜೊತೆ ಮಾತಾಡುತ್ತ ನಿಂತರು. ಆಡಿಗೆ ನೀರು ಕುಡಿಸಿದಿರಾ ಎಂದು ಅವಳು ಕೇಳಿದಳಂತೆ. ಕುಡಿಸಿದ್ದೇವೆ ಎಂದು ಇವರು ಕೂಗಿ ಹೇಳಿದರಂತೆ. ಹೊತ್ತು ಇಳಿದ ಮೇಲೆ ಹೊಳೆ ಏರಿತು.

ಅವಳ ಹೆಸರು ಮೌನೇಶ್ವರಿ.

ಅದಾದ ಮೇಲೆ ಗೌಡರು ಇನ್ನೊಂದು ಹರಿಗೋಲು ತರಿಸಿ ದಂಡೆಯಲ್ಲಿ ಇಡಿಸಿದರು. ಒಂದು ನೀರಿನಲ್ಲಿದ್ದರೆ ಇನ್ನೊಂದು ಅಂಬಿಗನ ಸಮೇತ ಖಾಲಿ ಕಾಯಬೇಕು. ಅದಿಲ್ಲದೆ ಮೊದಲನೆಯದು ಹೊರಡುವಂತಿಲ್ಲ. ಸೇತುವೆ ಬರುವತನಕ ಆ ಕಟ್ಟಳೆ ನಡೆಯಿತು.

ಸಮೀಪ ಕಕ್ಷೆಯಲ್ಲಿ ಏನಾದರೂ ಕೆಟ್ಟರೆ ಅವತ್ತೇ ಇಳಿಸಬಹುದು. ಚಂದ್ರನ ಬಳಿ ಕೆಟ್ಟರೆ ನಿನ್ನ ದನಿ ನಮಗೆ ಬರುತ್ತಿರುತ್ತದೆ. ಎರಡನೇ ನೌಕೆ ನಿಂತಿದ್ದರೆ, ನಿನ್ನ ಗಾಳಿ ಮುಗಿಯುವ ಮೊದಲು ಮುಟ್ಟಬಹುದು ಎಂದು ಸಮಿತಿಯ ತಜ್ಞರೇ ಲೆಕ್ಕ ಕೊಟ್ಟಿದ್ದಾರೆ. ಖರ್ಚಾಗುತ್ತದೆ ಎಂದಷ್ಟೇ ಅವರ ತಕರಾರು.

ಕಲಮನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ನೀನು ಕೇಳಿದ ಆಕ್ಷೇಪಣೆ ಇದರ ಜೊತೆಗಿದೆ. ಚೆನ್ನಾಗಿಯೇ ಬರೆದಿದ್ದೇನೆ, ನನ್ನ ಕಲಂನಲ್ಲಿ ಎಲ್ಲಿ ಚುಚ್ಚಬೇಕೋ ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಹೀಗೆ ಬರೆದುಕೊಡುವುದು ನಿಯಮಕ್ಕೆ ವಿರುದ್ಧವಿರಬಹುದು. ನಡುವೆ ಓದುವವರು ಓದಿಕೊಳ್ಳಲಿ.

ಮೌನಾ


ಆಗಸ್ಟ್ 8, 2026

ಮೌನೇಶ್ವರಿ,

ಆಕ್ಷೇಪಣೆ ಸಲ್ಲಿಸಿದ್ದೇನೆ. ಒಂದು ಅಕ್ಷರವನ್ನೂ ಬದಲಿಸಿಲ್ಲ. 'ಅಪಾಯವನ್ನು ಅರಿತವರು ಯಾನಿಗಳೇ. ಆದ್ದರಿಂದ ಯಾನಿಗಳ ಒಪ್ಪಿಗೆಯೇ ಸಾಕು' ಎಂಬ ವಾಕ್ಯ ಬಹಳ ಚೆನ್ನಾಗಿದೆ. ಅದನ್ನು ನಂಬದೆಯೇ ಅಷ್ಟು ಚೆನ್ನಾಗಿ ಬರೆಯುವುದು ಹೇಗೆ ಎಂದು ಯಾವತ್ತಾದರೂ ಹೇಳಿಕೊಡು.

ನಿನ್ನ ಸಣ್ಣವ್ವನ ಬಗ್ಗೆ ಓದಿ ಅತ್ತೆ. ಆ ಅಳುವನ್ನು ನೀತಿಯಾಗಿ ಮಾಡಬೇಡ. ಅವಳು ಹೆಸರುಕಾಯಿ ಬಿಡಿಸಲು ಹೋದವಳು. ಬೇರೆ ದಾರಿ ಇರಲಿಲ್ಲ. ನಾನು ಆಸೆಪಟ್ಟು ಹೋಗುತ್ತಿದ್ದೇನೆ. ಇಬ್ಬರನ್ನೂ ಒಂದೇ ಹರಿಗೋಲಿನಲ್ಲಿ ಕೂರಿಸಬೇಡ.

ನಮ್ಮ ಮನೆಯಲ್ಲಿ ಮೊದಲು ಕಾಲೇಜಿಗೆ ಹೊರಟ ಹುಡುಗಿ ನಾನು. ಮಾನವಿಯಿಂದ ಹೊರಡುವ ಬಸ್ಸು ಕೆಟ್ಟರೆ ಹಿಂದೆ ಇನ್ನೊಂದು ಇದೆಯೇ ಎಂದು ಅಪ್ಪ ವಿಚಾರಿಸಿದ್ದರೆ ನಾನು ಇನ್ನೂ ಅಡುಗೆಮನೆಯಲ್ಲಿ ಇರುತ್ತಿದ್ದೆ. ನೀನು ನಿಮ್ಮೂರು ಮಸರಕಲ್ಲಿನಿಂದ ಹೊರಟಾಗ ನಿನ್ನ ಹಿಂದೆ ಯಾರು ಕಾಯುತ್ತಿದ್ದರು? ಯಾರೂ ಇಲ್ಲ. ನೀನು ಹೊರಟೆ. ಈಗ ದೊಡ್ಡ ಮೇಜಿನ ಮುಂದೆ ಕೂತ ಮೇಲೆ, ನಿಲ್ಲಿ, ಜೋಕೆ, ಪ್ರಾಧಿಕಾರಕ್ಕೆ ಮನದಟ್ಟಾಗಲಿ ಎನ್ನುತ್ತೀಯ.

ನೀನು ಯಾರ ಹಾಗೆ ಮಾತಾಡುತ್ತಿದ್ದೀ ಗೊತ್ತೇ? ವಾರ್ಡನ್ ಬಾಯಿ. "ನಿಮ್ಮ ಸಲುವಾಗೇ." ನಮ್ಮ ಸಲುವಾಗಿ ಅಂದರೆ ಕೀಲಿಕೈ ಯಾರ ಕಡೆಗಿರಬೇಕು? ನಿನ್ನ ಕಲಮನ್ನು ಇನ್ನೊಮ್ಮೆ ಓದು. ಅದು ಯಾರ ಸೊಂಟದಲ್ಲಿದೆ ನೋಡು.

ಸದ್ಯ ಇನ್ನು ಬರೆಯುವುದಿಲ್ಲ.

ವೇದಶ್ರೀ


ದೇವದುರ್ಗ
ಸೆಪ್ಟೆಂಬರ್ 6, 2026

ವೇದಾ,

ನೀನು ಬರೆಯದಿದ್ದರೂ ನಾನು ಬರೆಯಬಹುದು. ಅದಕ್ಕೆ ನಿನ್ನ ಒಪ್ಪಿಗೆ ಬೇಕಿಲ್ಲ.

ನೀನು ಗೆದ್ದೆ. ಆಗಸ್ಟ್ 28ರ ಸಭೆಯಲ್ಲಿ ಕಲಮನ್ನು ತೆಗೆದರು. ಅಧ್ಯಕ್ಷರು ನಿನ್ನ ಆಕ್ಷೇಪಣೆಯನ್ನು ಗಟ್ಟಿಯಾಗಿ ಓದಿದರು. ನನ್ನ ವಾಕ್ಯ ನನ್ನನ್ನೇ ಸೋಲಿಸುವುದನ್ನು ಪರದೆಯ ಈಚೆ ಕೂತು ಕೇಳಿದೆ. ನಾನು ಭಿನ್ನಮತ ದಾಖಲಿಸುತ್ತೇನೆ ಎಂದೆ. ಅದನ್ನು ಬಿಟ್ಟುಬಿಡಿ ಎಂದು ಅಂದಿನಿಂದ ಫೋನ್ ಮಾಡುತ್ತಿದ್ದಾರೆ. ಸರ್ವಾನುಮತದ ನೀತಿ ಎಂದಾದರೆ ಸಂಸತ್ತಿನಲ್ಲಿ ಚೆನ್ನಾಗಿ ಕಾಣುತ್ತದಂತೆ. ಮುಂದಿನ ಅವಧಿಗೂ ನನ್ನನ್ನು ಇಟ್ಟುಕೊಳ್ಳುವ ವಿಚಾರವಿದೆಯಂತೆ. ಅಕ್ಟೋಬರ್ 9ಕ್ಕೆ ಕೊನೆಯ ಸಭೆ.

ಭಿನ್ನಮತ ಬರೆಯುವ ಮೊದಲು ಸಣ್ಣವ್ವನ ವಿಷಯ ಸರಿಯಾಗಿ ಕೇಳಿಕೊಳ್ಳೋಣ ಎಂದು ಇಲ್ಲಿಗೆ, ಅಣ್ಣ ಯಲ್ಲಾಲಿಂಗನ ಮನೆಗೆ ಬಂದೆ. ಅವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಪಕ್ಕದ ಶಹಜಾದಿ ಬೇಗಂ ಎಲೆ ಅಡಿಕೆ ಹಾಕಿಕೊಂಡು ಎದುರು ಕೂತಿದ್ದರು. ಇಬ್ಬರೂ ಆಗ ಆ ಹೊಲಕ್ಕೆ ಹೋಗುತ್ತಿದ್ದವರೇ. ಗೌಡರು ಎರಡನೇ ಹರಿಗೋಲು ಕೊಡಿಸಿದ್ದು ಯಾವ ತಿಂಗಳು ಎಂದು ಕೇಳಿದೆ.

"ಗೌಡ ಕೊಡಿಸಿದ ಅಂತ ಯಾರು ಹೇಳಿದ್ರ ಬೇ ನಿನಗ?" ಅವ್ವ ಮೊರ ಕೆಳಗಿಟ್ಟಳು.

"ಎಲ್ಲಾರೂ ಅದಕ್ಕ ಗೌಡರ ಹರಗೋಲ ಅಂತಿದ್ರಲ್ಲ ಯವ್ವಾ."

"ಅನ್ನಲಿ. ಊರ ಬಾವಿಗೂ ಗೌಡರ ಬಾವಿ ಅಂತಿದ್ರು. ತೋಡಿದಾವ್ರು ನಿಮ್ಮ ಮುತ್ಯಾನ ಮಂದಿ."

"ಮತ್ತ ಹರಗೋಲ ಹೆಂಗ ಬಂತು?"

"ನಾವು ಹತ್ತಲಿಲ್ಲ. ಅದಕ್ಕ ಬಂತು. ತಂಗಿ ಹೋದ ಮ್ಯಾಲ ಗೌಡನ ಮುನೀಮ ಬಂದು ಕೆಲಸಕ್ಕ ಬರ್ರಿ ಅಂದ. ಬರ್ತೀವಿ ಅಂದ್ವಿ. ಬುತ್ತಿ ಕಟಗೊಂಡು ಹೋದ್ವಿ. ದಂಡಿ ಮ್ಯಾಲ ಕುಂತ್ವಿ. ಹರಗೋಲ ಹತ್ತ್ರಿ ಅಂದ. ಇನ್ನೊಂದು ತರ್ರಿ, ಹತ್ತತೀವಿ ಅಂದ್ವಿ. ಬುತ್ತಿ ಬಿಚ್ಚಿ ಉಂಡ್ವಿ, ಸಂಜಿಗಿ ಮನಿಗಿ ಬಂದ್ವಿ. ಮರುದಿನ ಮತ್ತ ಹೋದ್ವಿ, ಮತ್ತ ಕುಂತ್ವಿ."

"ಝೂಟ್ ಹೇಳಬ್ಯಾಡ ಗೋಪಮ್ಮ" ಎಂದರು ಶಹಜಾದಿ ಬೇಗಂ. "ನಾವು ಕುಂತಿದ್ವಿ. ನೀ ಎಲ್ಲಿ ಕುಂತಿದ್ದಿ? ಮುನೀಮನ ಜೋಡಿ ಜಗಳಾಡಾಕ ನಿಂತೇ ಇದ್ದಿ. ಹೊಟ್ಟಿ ಇಷ್ಟು ಮುಂದ ಬಂದಿತ್ತು." ನನ್ನ ಕಡೆ ತಿರುಗಿದರು. "ನೀನೂ ಅಲ್ಲೇ ಇದ್ದಿ ಮೌನಿ."

"ಆವ ಅಂದ್ನಲ್ಲ, ನಿಮಗ ಜೀವದ ಮ್ಯಾಲ ಅಷ್ಟ್ಯಾಕ ಆಸಿ ಅಂತ" ಎಂದಳು ಅವ್ವ. "ಹೌದ್ರಿ, ನಿಮಗಿಲ್ಲೇನ್ರಿ ಅಂದೆ ನಾ."

"ಕೆಲಸ ಹೋದ್ರ ಅಂತ ಅಂಜಿಕಿ ಆಗಲಿಲ್ಲೇನು?"

"ಆತು. ಮನ್ಯಾಗ ಕಾಳಿದ್ದಿಲ್ಲ. ಆದ್ರ ಹೊಲದಾಗ ಹೆಸರುಕಾಯಿ ಒಣಗಿ ಸಿಡ್ಯಾಕತ್ತಿದ್ವು. ಗೌಡಗ ಅದರ ಅಂಜಿಕಿ. ಯಾರ ಅಂಜಿಕಿ ಮೊದಲು ಮುಗೀತದ ಅಂತ ನೋಡ್ಕೋತ ಕುಂತ್ವಿ."

"ಆ ಹರಗೋಲ ಮುಂದ ಉಪಯೋಗಕ್ಕ ಬಂತೇನು?"

"ಒಮ್ಮಿನೂ ಇಲ್ಲ" ಎಂದು ಶಹಜಾದಿ ಬೇಗಂ ನಕ್ಕರು. "ಅದರ ನೆಳ್ಳಾಗ ನಮ್ಮ ಆಡಿನ ಮರಿ ಮಲಗ್ತಿದ್ವು."

ವೇದಾ, ಕೀಲಿಕೈಯ ಮಾತಿನಲ್ಲಿ ನೀನು ಸರಿ. ನಾನು ಚಿಕ್ಕಂದಿನಿಂದ ಆ ಹರಿಗೋಲನ್ನು ಗೌಡರ ಕೊಡುಗೆ ಎಂದೇ ನಂಬಿದ್ದೆ. ಅದಕ್ಕೇ ಕಲಮನ್ನು ಬರೆದಾಗ ನಿಯಮವನ್ನು ಒಯ್ದು ಪ್ರಾಧಿಕಾರದ ಕೈಗೆ ಕೊಟ್ಟೆ. ಹತ್ತುವವರು ಅದರಲ್ಲಿ ಎಲ್ಲೂ ಇರಲಿಲ್ಲ.

ಆದರೆ ನೀನೂ ಒಂದು ಕಡೆ ತಪ್ಪಿದ್ದೀ. ಅವ್ವ, ಶಹಜಾದಿ ಬೇಗಂ ಕೆಲಸ ಬೇಡವೆಂದು ಕೂರಲಿಲ್ಲ. ಹೊಲಕ್ಕೆ ಹೋಗುವುದಕ್ಕಾಗಿಯೇ ಕೂತರು.

ಭಿನ್ನಮತವನ್ನು ಹೊಸದಾಗಿ ಬರೆದಿದ್ದೇನೆ. ಪ್ರಾಧಿಕಾರಕ್ಕೆ ಮನದಟ್ಟಾಗುವ ಮಾತು ಅದರಲ್ಲಿಲ್ಲ. "ಎರಡನೇ ನೌಕೆಯನ್ನು ತಮ್ಮ ಕಣ್ಣಾರೆ ಕಾಣುವ ತನಕ ಹತ್ತದಿರುವ ಹಕ್ಕು ಯಾನಿಗಳಿಗಿದೆ, ಹತ್ತದಿದ್ದ ಕಾರಣಕ್ಕೆ ಯಾರ ಜಾಗವೂ ಹೋಗತಕ್ಕದ್ದಲ್ಲ." ಇಷ್ಟೇ. ಹಿಂತೆಗೆದುಕೊಳ್ಳುವುದಿಲ್ಲ ಎಂದು ದೆಹಲಿಗೆ ಹೇಳಿಯಾಯಿತು. ಮುಂದಿನ ಅವಧಿಯನ್ನು ಅವರೇ ಇಟ್ಟುಕೊಳ್ಳಲಿ.

ಮೌನಾ


ಸೆಪ್ಟೆಂಬರ್ 21, 2026

ಮೌನಾ,

ನಿನ್ನ ಪತ್ರ ಬಂದ ದಿನವೇ ಸುಮಂತನಿಗೆ ಹೊಟ್ಟೆನೋವು ಶುರುವಾಯಿತು. ಮೊದಲು ಹೊಕ್ಕಳ ಸುತ್ತ, ಆಮೇಲೆ ಬಲಗಡೆ ಕೆಳಗೆ. ಅಭ್ಯಾಸಕ್ಕೆಂದು ಕೊಟ್ಟ ನಾಟಕವಲ್ಲ, ನಿಜವಾದದ್ದು. ಹಸಿವಿಲ್ಲ, ವಾಂತಿ, ಜ್ವರ. ನಾನು ವೈದ್ಯೆ. ಅಪೆಂಡಿಕ್ಸ್ ಎಂದು ಗೊತ್ತಿತ್ತು, ಏನು ಮಾಡಬೇಕೆಂದೂ ಗೊತ್ತಿತ್ತು. ಮಾಡಲು ಬೇಕಾದ ಕೋಣೆ, ಕೈಗಳು, ರಕ್ತ ಒಳಗಿರಲಿಲ್ಲ. ಹೊರಗಿನವರನ್ನು ಕರೆದೆ. ಅಭ್ಯಾಸದ ತಡ ಇನ್ನೂ ಚಾಲೂ ಇತ್ತು. ನನ್ನ ಮಾತು ಹೋಗಿ ಅವರ ಮಾತು ಬರುವತನಕ ಸುಮಂತ ನನ್ನ ಮುಖ ನೋಡುತ್ತಿದ್ದ. "ಡಾಕ್ಟ್ರೇ, ನಾವಿನ್ನೂ ಭೂಮಿಯ ಮೇಲೇ ಇದ್ದೇವಲ್ಲ?" ಎಂದು ಕೇಳಿದ. ತಮಾಷೆಗೆ ಕೇಳಿದ್ದು. ನಾನು ನಗಲಿಲ್ಲ.

ಬಾಗಿಲು ತೆರೆದರು. ಮಧ್ಯಾಹ್ನದ ಬೆಳಕು ಒಳಗೆ ಬಂತು. ಅವನನ್ನು ಒಯ್ದರು, ಮತ್ತೆ ಮುಚ್ಚಿದರು. ಶಸ್ತ್ರಚಿಕಿತ್ಸೆ ಆಯಿತಂತೆ, ಚೆನ್ನಾಗಿದ್ದಾನಂತೆ. ನಾವೀಗ ಮೂವರು. ಅವನು ಪಟ್ಟಿಯಲ್ಲಿಲ್ಲ.

ಇದರಿಂದ ನೀನು ಗೆದ್ದೆ ಎಂದುಕೊಳ್ಳಬೇಡ. ನನಗೆ ಅಂಜಿಕೆಯಾಗಿಲ್ಲ. ಆದರೆ ಬಾಗಿಲಿನ ಹಿಡಿಕೆಯನ್ನು ಅವತ್ತಿನಿಂದ ದಿನಾ ನೋಡುತ್ತೇನೆ. ಅದು ಹೊರಗಡೆಯಿಂದ ಮಾತ್ರ ತಿರುಗುತ್ತದೆ.

ನಿಮ್ಮ ಅವ್ವನಿಗೆ ನನ್ನ ನಮಸ್ಕಾರ. ಜಗಳಕ್ಕೆ ನಿಂತೇ ಇದ್ದರು ಎನ್ನುವುದನ್ನು ನಾನೂ ನಂಬುತ್ತೇನೆ.

ವೇದಾ


ಅಕ್ಟೋಬರ್ 4, 2026

ಪ್ರಿಯ ಮೌನಾ,

ನಾಳೆ ಬೆಳಿಗ್ಗೆ ಬಾಗಿಲು ತೆರೆಯುತ್ತಾರೆ. ಈ ಪತ್ರವನ್ನು ತಡೆದಿಡುವುದರಿಂದ ಇದಕ್ಕಿಂತ ಮೊದಲು ನಾನೇ ಹೊರಗಿರುತ್ತೇನೆ. ಆದರೂ ಬರೆಯುತ್ತಿದ್ದೇನೆ. ತೀರ್ಮಾನ ನಿನ್ನೆಯೇ ಆಗಿತ್ತು, ಹೊರಗಿನ ಗಾಳಿ ತಗುಲಿ ಆದದ್ದಲ್ಲ ಎಂಬುದಕ್ಕೆ ಒಂದು ಸಾಕ್ಷಿ ಇರಲಿ.

ನಿನ್ನೆ ಮೂವರಿಗೂ ಒಂದೊಂದು ಹಾಳೆ ಓದಲು ಕೊಟ್ಟರು. ನಾಳೆ ಹೊರಗೆ ಮೇಜಿನ ಮುಂದೆ ಕೂತು ಇದಕ್ಕೆ ಸಹಿ ಹಾಕಬೇಕು. ಎರಡನೇ ನೌಕೆ ಇರುವುದಿಲ್ಲ ಎಂದು ನನಗೆ ಗೊತ್ತಿದೆ, ನಾನು ಒಪ್ಪಿದ್ದೇನೆ ಎಂಬುದು ಅದರ ಸಾರ. ಸಹಿ ಹಾಕದವರು 'ಸ್ವಇಚ್ಛೆಯಿಂದ ಹಿಂದೆ ಸರಿದಿದ್ದಾರೆಂದು ಪರಿಗಣಿಸಲಾಗುವುದು.' ಹಾಳೆಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಏನಿದೆ ಗೊತ್ತೇ? 'ಯಾನಿಗಳ ಒಪ್ಪಿಗೆಯೇ ಸಾಕು.' ಬರೆದದ್ದು ನೀನು, ಸಲ್ಲಿಸಿದ್ದು ನಾನು, ಅಚ್ಚು ಹಾಕಿಸಿದ್ದು ಅವರು.

ಆ ವಾಕ್ಯವನ್ನು ನಾನು ಈಗಲೂ ನಂಬುತ್ತೇನೆ. ಒಪ್ಪಿಗೆ ಸಾಕು ಎಂದಾದರೆ ಒಪ್ಪದಿರುವುದೂ ಸಾಕಾಗಬೇಕು. ಇವರ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ. ಹತ್ತು, ಇಲ್ಲವೆ ಮನೆಗೆ ಹೋಗು ಎನ್ನುತ್ತದೆ. ಮುನೀಮನೂ ಇದನ್ನೇ ಹೇಳಿರಬೇಕು.

ನನ್ನ ಜೊತೆಗಿನ ಇಬ್ಬರನ್ನು ಕೇಳಿದೆ. ಹಿರಿಯ ಚಾಲಕ ಸಹಿ ಹಾಕುತ್ತಾನೆ. ಮುಚ್ಚುಮರೆಯಿಲ್ಲದೆ ಹೇಳಿದ, ನನಗೆ ಸಿಟ್ಟು ಬರಲಿಲ್ಲ. ಇನ್ನೊಬ್ಬ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ನಾನು ತಿರುಗಿ ಕೇಳಲಿಲ್ಲ. ಜಾಗ ಹೋಗಬಹುದು. ಇಪ್ಪತ್ತು ವರ್ಷ ಇದಕ್ಕೆಂದೇ ಬದುಕಿದ್ದೇನೆ, ಆದ್ದರಿಂದ ಅದೇನು ದೊಡ್ಡದಲ್ಲ ಎಂದು ಬರೆಯಲಾರೆ.

ನಾಳೆ ನಾನು ಸಹಿ ಹಾಕುವುದಿಲ್ಲ. ನನ್ನ ಹೆಸರನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಹಿಂದೆ ಸರಿದಿದ್ದಾಳೆ ಎಂದು ಅವರು ಬರೆದರೆ, ಸರಿದಿಲ್ಲ, ಇಲ್ಲೇ ಕೂತಿದ್ದೇನೆ ಎಂದು ಪಕ್ಕದಲ್ಲೇ ಬರೆಯುತ್ತೇನೆ. ಹೋಗುವವಳು ನಾನೇ. ಇನ್ನೊಂದು ತನ್ನಿ, ಹತ್ತುತ್ತೇನೆ. ನಲವತ್ತೈದಾದರೆ ಆ ನಿಯಮದ ಜೊತೆಗೂ ಜಗಳಾಡೋಣ, ನೀನು ಇದ್ದೀಯಲ್ಲ.

9ನೇ ತಾರೀಕಿನ ಸಭೆಯಲ್ಲಿ ನಿನ್ನ ಭಿನ್ನಮತವನ್ನು ಓದುವಾಗ, ಅಂಥ ಯಾನಿ ಯಾರೂ ಇಲ್ಲವಲ್ಲ ಎಂದು ಯಾರಾದರೂ ಅಂದರೆ ನನ್ನ ಹೆಸರು ಹೇಳು. ನನ್ನ ಒಪ್ಪಿಗೆ ಇದೆ.

ಅಜ್ಜಿಗೆ ಉತ್ತರ ಬಾಕಿ ಇತ್ತು. ಅಲ್ಲಿಂದ ನೋಡಿದರೆ ಭೂಮಿಯೇ ಬೆಳೆದು ಕರಗುತ್ತದೆ. ಮಾನವಿಯಲ್ಲಿ ಅಮಾವಾಸ್ಯೆ ಇದ್ದ ದಿನ ಅಲ್ಲಿ ತುಂಬು ಭೂಮಿ. ಅದನ್ನು ನೋಡಿ ತಿಥಿ ಹಿಡಿಯುತ್ತೇನೆ, ಏಕಾದಶಿ ತಪ್ಪಿಸುವುದಿಲ್ಲ ಎಂದು ಹೇಳು. ಕರೆದುಕೊಂಡು ಬರಲು ಯಾರು ಹೋಗುತ್ತಾರೆ ಎಂಬ ಪ್ರಶ್ನೆಯನ್ನು ನಾಳೆ ನಾನೇ ಕೇಳುತ್ತೇನೆ ಎಂದೂ ಹೇಳು.

ಕಡಕ್ ರೊಟ್ಟಿಯ ಪೊಟ್ಟಣದಲ್ಲಿ ಎರಡು ಉಳಿದಿದ್ದವು. ಅವನ್ನು ಶೇಂಗಾ ಚಟ್ನಿಯ ಜೊತೆ ಬಟ್ಟೆಯಲ್ಲಿ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಆ ಮೇಜಿನ ಮುಂದೆ ಎಷ್ಟು ಹೊತ್ತು ಕೂರಬೇಕಾಗುತ್ತದೋ ಗೊತ್ತಿಲ್ಲ.

ವೇದಾ